ಪಕ್ಕದ ವಾರ್ಡಿನ ಗಂಡ

ಅವಳ ಗಂಡ ಗೋಡೆಯ ಆಚೆ ಮಲಗಿದ್ದಾನೆ. ಸ್ಕ್ಯಾನಿಂಗ್ ಆಗಿದೆ, ರಿಪೋರ್ಟು ಬಂದಿದೆ, ರಿಪೋರ್ಟಿನಲ್ಲಿರುವುದು ಒಳ್ಳೆಯ ಸುದ್ದಿಯಲ್ಲ. ಡಾಕ್ಟರಿಗೆ ಅವನು ಒಂದೇ ಮಾತು ಹೇಳಿದ್ದಾನೆ: ನನ್ನ ಹೆಂಡತಿಗೆ ತಿಳಿಸಬೇಡಿ. ಅವಳಿಗೆ ಇದೊಂದೂ ಗೊತ್ತಿಲ್ಲ. ಬಾಗಿಲು ತೆರೆದು ಎಳೆಯ ಡಾಕ್ಟರು ಒಳಗೆ ಬಂದ ಕೂಡಲೇ ಅವಳು ಎದ್ದು, ಕೈಚೀಲವನ್ನು ಎದೆಗವಚಿಕೊಂಡು ಕೇಳಬೇಕು: "ಡಾಕ್ಟರೇ, ಸ್ಕ್ಯಾನಿಂಗಲ್ಲಿ ಏನು ಬಂತು? ನಮ್ಮ ಯಜಮಾನ್ರು ಬಾಯೇ ಬಿಡ್ತಿಲ್ಲ."

ಪಾರ್ಟು ಇಷ್ಟೇ. ಕೊನೆಯ ವರ್ಷದ ಮೆಡಿಕಲ್ ವಿದ್ಯಾರ್ಥಿಗಳ ನಡವಳಿಕೆಯನ್ನು ಅಳೆಯುವ ಪರೀಕ್ಷೆಗೆಂದು ಕಾಲೇಜಿನವರು ಬರೆದುಕೊಟ್ಟದ್ದು. ಹಳೆಯ ಹೊರರೋಗಿ ವಿಭಾಗದ ಉದ್ದನೆಯ ಹಜಾರವನ್ನು ಪ್ಲೈವುಡ್ಡಿನಿಂದ ಕೋಣೆ ಕೋಣೆಯಾಗಿ ಸೀಳಿದ್ದರು. ಪ್ರತಿ ಕೋಣೆಯಲ್ಲೂ ಕಾಯಿಲೆಯಿಲ್ಲದ ಒಬ್ಬ ರೋಗಿ, ಮೂಲೆಯಲ್ಲಿ ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡ ಒಬ್ಬ ಪರೀಕ್ಷಕ. ಗಂಟೆ ಬಾರಿಸಿದರೆ ವಿದ್ಯಾರ್ಥಿ ಒಳಗೆ, ಮತ್ತೆ ಬಾರಿಸಿದರೆ ಹೊರಗೆ. ಉಳಿದ ಕೋಣೆಗಳಲ್ಲಿ ನಾಡಿ ಹಿಡಿಯುವುದು, ಹೊಟ್ಟೆ ಅದುಮುವುದು ಇರುತ್ತಿತ್ತು. ಇವಳ ಕೋಣೆಯಲ್ಲಿ ತಪಾಸಣೆಯಾಗುತ್ತಿದ್ದುದು ಡಾಕ್ಟರದೇ.

ಬೀಳುವವರಿಗೆ ಇಲ್ಲಿ ಮೂರು ಗುಂಡಿಗಳಿದ್ದವು. ಕನಿಕರಕ್ಕೆ ಕರಗಿ ರಿಪೋರ್ಟಿನ ವಿಷಯ ಹೇಳಿಬಿಟ್ಟರೆ ರೋಗಿಗೆ ಕೊಟ್ಟ ಮಾತು ಮುರಿದಂತೆ. "ಏನೂ ಇಲ್ಲ, ಹೆದರಬೇಡಿ" ಎಂದರೆ ಸುಳ್ಳು. "ಹಾಗೆಲ್ಲ ಹೇಳೋಕಾಗಲ್ಲ, ಹೊರಗೆ ಕೂತ್ಕೊಳ್ಳಿ" ಎಂದು ಅಟ್ಟಿದರೆ ಡಾಕ್ಟರಾಗಿ ಏನು ಬಂತು? ಮೂರನ್ನೂ ದಾಟಿ, ಹೇಳದೆಯೂ ಕೈಬಿಡದೆಯೂ ಆ ಹೆಂಗಸಿನ ಜೊತೆ ಇರಬೇಕು. ಪರೀಕ್ಷಕರ ಅಂಕ ಬೇರೆ, ಅವಳ ಅಂಕ ಬೇರೆ. ಅವಳ ಪಾಲಿಗೆ ಒಂದೇ ಪ್ರಶ್ನೆ ಇತ್ತು: ಈ ಡಾಕ್ಟರ ಹತ್ತಿರ ನೀವು ಮತ್ತೆ ಬರುತ್ತೀರಾ?

ನಿವೃತ್ತಳಾಗುವವರೆಗೆ ಅವಳು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಲ್ಲಿಗೆ ಬರುತ್ತದೆ, ಎಷ್ಟು ತಡ ಎಂದು ಹೇಳುತ್ತಿದ್ದಳು. ಒಂದೇ ವಾಕ್ಯವನ್ನು ಬೆಳಗಿನಿಂದ ಸಂಜೆಯವರೆಗೆ ಕೂದಲೆಳೆಯಷ್ಟೂ ಏರಿಳಿತವಿಲ್ಲದೆ ಹೇಳಬಲ್ಲಳು. ಕಾಲೇಜಿಗೆ ಬೇಕಾಗಿದ್ದುದೂ ಅದೇ. ಮೊದಲ ಹುಡುಗನ ಮುಂದೆ ಗೋಳಾಡಿ ಕೊನೆಯವನ ಮುಂದೆ ಆಕಳಿಸಿದರೆ ಪರೀಕ್ಷೆ ಎಂದು ಯಾರು ಕರೆಯುತ್ತಾರೆ? ಆದ್ದರಿಂದ ತರಬೇತಿಯ ದಿನವೇ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು, ಹಾಳೆಯಲ್ಲಿ ಇಲ್ಲದ ಮಾತು ಆಡಿದವರಿಗೆ ಆ ಪಾರ್ಟು ಮತ್ತೆ ಸಿಗುವುದಿಲ್ಲ ಎಂದು. ಡಾಕ್ಟರಮ್ಮನೆಂದರೆ ಪರೀಕ್ಷೆ ನಡೆಸುವ ಹೊಣೆ ಹೊತ್ತ ಎಳೆಯ ಅಧ್ಯಾಪಕಿ. ಇವಳ ಮಗಳ ವಯಸ್ಸು ಎನ್ನಬಹುದಿತ್ತು, ಮಗಳಿದ್ದಿದ್ದರೆ.

ಉಳಿದ ಪಾರ್ಟಿನವರು ಅವಳಿಗೆ ಪ್ಲಾಟ್‌ಫಾರಮ್ಮ ಎಂದು ಹೆಸರಿಟ್ಟಿದ್ದರು. ಇಟ್ಟವರು ಮಂಡಿ ಮಾಸ್ತರು. ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಅವರ ಮಂಡಿ ಈಗಲೂ ಕಬ್ಬಿಣದಂತಿದ್ದರೂ ಕಾಲೇಜು ಅವರಿಗೆ ಮಂಡಿನೋವಿನ ಪಾರ್ಟು ಕೊಟ್ಟಿತ್ತು. ಪರೀಕ್ಷೆಯ ದಿನ ಅವರು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು, ಕೋಣೆಯ ಬಾಗಿಲಿನಿಂದ ಕುಂಟಲು ಶುರುಮಾಡುತ್ತಿದ್ದರು.

"ಏನಮ್ಮಾ, ನಿಮ್ಮ ಯಜಮಾನ್ರು ಇವತ್ತು ಎಷ್ಟು ತಡ?" ಎಂದು ಕೇಳುತ್ತಿದ್ದರು ಚಹಾದ ಹೊತ್ತಿನಲ್ಲಿ.

"ನಿಮ್ಮ ಮಂಡಿ ಬಂದು ಸೇರೋ ಹೊತ್ತಿಗೆ ಅವರೂ ಬರ್ತಾರೆ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಅವಳು.

ಅವಳ ಗಂಡ ತೀರಿಕೊಂಡದ್ದು ಮಾಸ್ತರಿಗೆ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಕೇಳುವವರಲ್ಲ.

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜುವುದು ಅವಳ ಗಂಡನ ಕೆಲಸವಾಗಿತ್ತು. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ. ಪರೀಕ್ಷೆಗಳಾದವು. ಅವಳು ಒಬ್ಬ ಎಳೆಯ ಡಾಕ್ಟರನ್ನು ಹಿಡಿದು ಕೇಳಿದಳು. "ಅವರನ್ನೇ ಕೇಳಿ ಅಮ್ಮ, ಅವರೇ ಹೇಳ್ತಾರೆ," ಎಂದ ಅವನು ಮೆತ್ತಗೆ. ಅವಳು ಕೇಳಿದಳು. "ಏನಿಲ್ಲ ಕಣೇ, ಗ್ಯಾಸು," ಎಂದ ಗಂಡ. ಮನೆಗೆ ಕರೆತಂದಳು. ಅಲ್ಲಿಂದಾಚೆಗಿನ ವಾರಗಳೆಲ್ಲ ಬಚ್ಚಲಿನ ನಲ್ಲಿಯ ಜಗಳದಲ್ಲಿ ಕಳೆದವು. "ಹನಿ ಹನಿ ಸೋರ್ತಿದೆ, ಊರಿಗೆಲ್ಲ ಕಣ್ಣು ಕೊಡ್ತೀರಿ, ನಿಮಗೆ ಕಾಣಲ್ವಾ?" ಎಂದು ಅವಳು ರೇಗುತ್ತಿದ್ದಳು. ಅವನು ನಗುತ್ತಿದ್ದ. ಎದ್ದು ಸ್ಪ್ಯಾನರ್ ಹಿಡಿಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ ಎಂದು ಅವಳಿಗೆ ತಿಳಿದಾಗ ನಲ್ಲಿ ರಿಪೇರಿ ಮಾಡಲು ಪ್ಲಂಬರ್ ಬಂದಿದ್ದ, ಗಂಡ ಇರಲಿಲ್ಲ. ಹೇಳಬೇಡಿ ಎಂದು ಅವನೇ ಡಾಕ್ಟರಿಂದ ಮಾತು ತೆಗೆದುಕೊಂಡಿದ್ದ ಎಂಬುದೂ ಆಮೇಲೆಯೇ ಗೊತ್ತಾಯಿತು.

ಆ ಎಳೆಯ ಡಾಕ್ಟರು ಈ ಪರೀಕ್ಷೆಗೆ ಕೂತಿದ್ದರೆ ಎಷ್ಟು ಅಂಕ ಸಿಗುತ್ತಿತ್ತು ಎಂದು ಅವಳು ಎಷ್ಟೋ ಸಲ ಕೂಡಿ ನೋಡಿದ್ದಳು. ಮಾತು ಮುರಿಯಲಿಲ್ಲ. ಸುಳ್ಳಾಡಲಿಲ್ಲ. ಗದರಲಿಲ್ಲ. ಬಹುತೇಕ ಪೂರ್ತಿ ಅಂಕ. ಆ ಲೆಕ್ಕದಲ್ಲಿ ಅವಳಿಗೆ ತಪ್ಪೇನೂ ಕಾಣುತ್ತಿರಲಿಲ್ಲ. ಆದರೂ ಆ ವಾರಗಳು ಮತ್ತೆ ಬೇಕು ಎನಿಸುತ್ತಿತ್ತು, ಈ ಸಲ ತಿಳಿದುಕೊಂಡು ಬದುಕುವ ವಾರಗಳಾಗಿ. ಅವನು ಆ ಡಾಕ್ಟರೊಡನೆ ಬಾಗಿಲು ಮುಚ್ಚಿಕೊಂಡು ಮಾತಾಡಿದಾಗ ತನ್ನ ಬಗ್ಗೆ ಏನಂದ? ಹೆದರುತ್ತಾಳೆ ಅಂದನೇ? ಬೈಯುತ್ತಾಳೆ ಅಂದನೇ? ಅಥವಾ ಹೆಸರೇ ಎತ್ತದೆ, ಬರೀ 'ಹೆಂಡತಿಗೆ' ಅಂದನೇ?

"ಹೋಗಿ ಹೋಗಿ ಈ ಪಾರ್ಟೇ ಬೇಕಿತ್ತಾ ಅಕ್ಕ ನಿನಗೆ?" ಎಂದು ತಂಗಿ ಹರಿಹಾಯುತ್ತಿದ್ದಳು. ತಂಗಿಯ ಸಂಸಾರ ಅದೇ ಮನೆಯ ಮಹಡಿಯ ಮೇಲಿತ್ತು. "ಭಾವ ಹೋಗಿ ಇಷ್ಟು ದಿನ ಆದ್ಮೇಲೆ, ಹೋದಾಗಲೆಲ್ಲ ಅವರಿಗೆ ಕಾಯಿಲೆ ತರಿಸಿ ಬರ್ತೀಯಲ್ಲ! ತಲೆನೋವಿನ ಪಾರ್ಟು ಕೊಡಿ ಅಂತ ಕೇಳು. ನಿನ್ನ ಮುಖಕ್ಕೆ ಅದು ಚೆನ್ನಾಗಿ ಒಪ್ಪುತ್ತೆ."

ತಂಗಿಗೆ ಹೇಗೆ ಹೇಳುವುದು? ಆ ಕೋಣೆಯಲ್ಲಿ ಅವಳ ಗಂಡ ಸತ್ತಿರಲಿಲ್ಲ. ಗೋಡೆಯ ಆಚೆ ಇದ್ದ. ಒಬ್ಬೊಬ್ಬ ವಿದ್ಯಾರ್ಥಿಯೂ ಬಂದು, "ಈಗಷ್ಟೇ ಅವರನ್ನ ನೋಡಿ ಬಂದೆ," ಎನ್ನುತ್ತಿದ್ದ. ಗಂಟೆ ಬಾರಿಸುವವರೆಗೆ ಅವಳು ಗಂಡನಿರುವ ಹೆಂಗಸು. ಮತ್ತೆ ಗಂಟೆ, ಮತ್ತೊಬ್ಬ, ಮತ್ತೆ ಅವನು ಇದ್ದಾನೆ. ಪ್ಲೈವುಡ್ಡಿನ ಆಚೆ ಇದ್ದುದು ಮುರಿದ ಬೆಂಚುಗಳ ಉಗ್ರಾಣ. ಅದು ಅವಳಿಗೆ ಗೊತ್ತಿತ್ತು. ಆ ಬಾಗಿಲನ್ನು ಅವಳು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಆ ದಿನ ಬೆಳಗಿನ ಪಾಳಿ ಎಂದಿನಂತೆ ಸಾಗಿತು. ಒಬ್ಬ ಹುಡುಗ, "ನಿಮ್ಮ ಭಾವನೆಗಳು ನನಗೆ ಸಂಪೂರ್ಣವಾಗಿ ಅರ್ಥವಾಗುತ್ತವೆ," ಎಂದು ಪುಸ್ತಕದ ಭಾಷೆಯಲ್ಲಿ ಹೇಳಿ, ಮುಂದಿನ ಸಾಲು ಮರೆತು, ಅದನ್ನೇ ಇನ್ನೊಮ್ಮೆ ಹೇಳಿದ. ಒಬ್ಬಳು ಅವಳ ಕಣ್ಣೀರು ಕಂಡು ಗಾಬರಿಯಾಗಿ ರಿಪೋರ್ಟನ್ನೆಲ್ಲ ಒದರಿ, ಹೊರಗೆ ಹೋಗುವಾಗ ತಲೆ ತಲೆ ಚಚ್ಚಿಕೊಂಡಳು. ಚಹಾದ ನಂತರ ಮೂಲೆಯ ಕುರ್ಚಿಗೆ ಹೊಸ ಪರೀಕ್ಷಕರು ಬಂದರು. ಬೇರೆ ಕಾಲೇಜಿನ ಶಸ್ತ್ರಚಿಕಿತ್ಸಕರು, ಪೆನ್ನಿನ ಗುಂಡಿಯನ್ನು ಟಕಟಕ ಒತ್ತುವ ಅಭ್ಯಾಸದವರು. ಅವರ ಕೈಯಲ್ಲಿದ್ದುದು ವಿದ್ಯಾರ್ಥಿ ಏನು ಮಾಡಬೇಕೆಂಬ ಹಾಳೆ ಮಾತ್ರ. ಅವಳ ಮಾತುಗಳ ಹಾಳೆಯನ್ನು ಅವರು ನೋಡಿರಲಿಲ್ಲ.

ಅವರ ಪಾಳಿಯಲ್ಲಿ ಮೊದಲು ಬಂದವಳು ಒಬ್ಬ ಸಣಕಲು ಹುಡುಗಿ. ಮೈಮೇಲಿನ ಬಿಳಿ ಕೋಟು ಯಾರದೋ; ತೋಳನ್ನು ಮೂರು ಸುತ್ತು ಮಡಚಿದ್ದಳು. ಎದುರಿನ ಕುರ್ಚಿಯಲ್ಲಿ ಕೂರದೆ, ಅದನ್ನು ಎತ್ತಿ ತಂದು ಪಕ್ಕದಲ್ಲಿ ಹಾಕಿಕೊಂಡು ಕೂತಳು.

ಪ್ರಶ್ನೆ ಬಂತು. ಹುಡುಗಿ ನಿಧಾನವಾಗಿ ಹೇಳಿದಳು, "ರಿಪೋರ್ಟು ಬಂದಿದೆ ಅಮ್ಮ. ಬಂದಿಲ್ಲ ಅಂತ ಹೇಳಲ್ಲ. ಆದ್ರೆ ಅವರು ಒಪ್ಪದೆ ಅದರಲ್ಲೇನಿದೆ ಅಂತ ನಾನು ಬಾಯಿಬಿಡೋ ಹಾಗಿಲ್ಲ. ಹಾಗಂತ ನಿಮ್ಮನ್ನ ಇಲ್ಲೇ ಬಿಟ್ಟು ಹೋಗೋಕೂ ಮನಸ್ಸು ಬರ್ತಿಲ್ಲ."

"ಹಾಗಾದ್ರೆ ಏನೋ ದೊಡ್ಡದೇ ಇದೆ, ಅಲ್ವಾ?" ಹಾಳೆಯ ಕೊನೆಯ ಸಾಲು. ಇದಾದ ಮೇಲೆ ಅವಳು ಸುಮ್ಮನಿರಬೇಕು, ಗಂಟೆಯವರೆಗೆ.

ಹುಡುಗಿಯೂ ಸುಮ್ಮನಾದಳು. ಹೆಚ್ಚಿನವರು ಈ ಮೌನ ತಡೆಯಲಾರದೆ ನೀರು ಬೇಕೇ, ಯಾರಾದರೂ ಜೊತೆಗಿದ್ದಾರೆಯೇ ಎಂದು ಏನಾದರೂ ತುಂಬುತ್ತಿದ್ದರು. ಇವಳು ಏನೂ ತುಂಬಲಿಲ್ಲ. ಆಗ ಗೋಡೆಯ ಆಚೆ ಕಿರ್ ಎಂದಿತು. ಯಾರೋ ಬೆಂಚು ಎಳೆದಿರಬೇಕು. ಮಂಚದ ಮೇಲೆ ಒಬ್ಬರು ಮಗ್ಗುಲು ಬದಲಿಸಿದರೆ ಆಗುವಂಥದೇ ಸದ್ದು.

"ನನ್ನ ವಿಷಯ ಏನಾದ್ರೂ ಅಂದ್ರಾ?" ಎಂದು ಅವಳು ಕೇಳಿದಳು.

ಕೇಳಿದ ಮೇಲೆ ಅದು ತನ್ನ ದನಿ ಎಂದು ತಿಳಿಯಿತು. ಮೈಕಿನ ದನಿಯಲ್ಲ, ಪಾರ್ಟಿನದಲ್ಲ. ಮನೆಯಲ್ಲಿ ಅಡಿಗೆಮನೆಯಿಂದ ಹೊರಗೆ ಕೇಳುವಂತೆ ಮಾತಾಡುತ್ತಿದ್ದ, ಈಗ ಬಹಳ ದಿನಗಳಿಂದ ಉಪಯೋಗಿಸದ ದನಿ.

ಹುಡುಗಿ ತಲೆಯೆತ್ತಿ ಅವಳ ಮುಖ ನೋಡಿದಳು. ವಿದ್ಯಾರ್ಥಿಗಳು ಓದಿಕೊಂಡು ಬರಲೆಂದು ಬಾಗಿಲಿಗೆ ಅಂಟಿಸಿದ್ದ ಮಾಹಿತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಅಂದ್ರು ಅಮ್ಮ," ಎಂದಳು. "ಅವಳು ಬಂದ್ರೆ ಕಿಟಕಿ ಹತ್ರ ಕುರ್ಚಿ ಹಾಕಿಕೊಡಿ, ಅವಳಿಗೆ ಸೆಖೆ ತಡೆಯಲ್ಲ, ಆದ್ರೆ ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ ಅಂದ್ರು."

ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಅವಳಿಗೆ ಸೆಖೆ ನಿಜವಾಗಿಯೂ ತಡೆಯುತ್ತಿರಲಿಲ್ಲ. ಮೂಲೆಯಲ್ಲಿ ಟಕ್ ಎಂದು ಪೆನ್ನು ಒತ್ತಿದ ಸದ್ದು, ಅದರ ಹಿಂದೆಯೇ ಗಂಟೆ. ಹುಡುಗಿ ಎದ್ದು, ಕುರ್ಚಿಯನ್ನು ಮೊದಲಿನ ಜಾಗದಲ್ಲಿಟ್ಟು ಹೊರಟುಹೋದಳು.

ಉಳಿದವರಿಗೆಲ್ಲ ಅವಳು ಹಾಳೆಯಲ್ಲಿದ್ದಷ್ಟನ್ನೇ ಹೇಳಿದಳು. ಒಳಗೊಳಗೇ ಆ ವಾಕ್ಯವನ್ನು ತಿರುತಿರುಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಹುಡುಗಿಯ ದನಿ ತೆಗೆದು ಅವನ ದನಿ ಹಾಕಿ. ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ. ಹೌದು, ಹಾಗೆ ಅನ್ನಬಹುದಾಗಿತ್ತು ಅವನು. ಅನ್ನುವವನೇ.

ಸಂಜೆ ಎಲ್ಲ ಮುಗಿದಾಗ ಡಾಕ್ಟರಮ್ಮ ಅವಳನ್ನು ಕಚೇರಿಗೆ ಕರೆದಳು. ಶಸ್ತ್ರಚಿಕಿತ್ಸಕರೂ ಅಲ್ಲಿದ್ದರು. ಮೇಜಿನ ಮೇಲೆ ಯಾರೂ ಮುಟ್ಟದ ಬಿಸ್ಕತ್ತು.

"ಕೂತ್ಕೊಳ್ಳಿ ಅಮ್ಮ. ಒಂದು ಕೆಂಪು ಗುರುತು ಬಿದ್ದಿದೆ," ಎಂದಳು ಡಾಕ್ಟರಮ್ಮ. ಕೆಂಪು ಗುರುತೆಂದರೆ ಬೇರೆ ಎಷ್ಟೇ ಅಂಕವಿದ್ದರೂ ಫೇಲು. ವಿಷಯ ಶಿಸ್ತು ಸಮಿತಿಗೆ ಹೋಗುತ್ತದೆ, ವಿದ್ಯಾರ್ಥಿಗೆ ಅರ್ಧ ವರ್ಷ ಹೋಗುತ್ತದೆ, ಹೆಸರಿನ ಜೊತೆ ಅದೂ ಉಳಿಯುತ್ತದೆ. "ಪಾರ್ಟಿನವರೂ ಹೌದು ಅಂದ್ರೆ ಮಾತ್ರ ಅದು ನಿಲ್ಲೋದು. ಚಹಾ ಆದ್ಮೇಲೆ ಮೊದಲು ಬಂದ ಹುಡುಗಿ. ನೆನಪಿದ್ಯಾ?"

"ಇದೆ."

"ರೋಗಿ ಆಡದೇ ಇರೋ ಮಾತನ್ನ ಅವನ ಬಾಯಿಗೆ ತುರುಕಿದಳು," ಎಂದರು ಶಸ್ತ್ರಚಿಕಿತ್ಸಕರು. ಸಿಟ್ಟಿನಿಂದಲ್ಲ, ಬೇಸರದಿಂದ. "ಒಳ್ಳೇ ಹುಡುಗಿ, ಅಲ್ಲ ಅನ್ನಲ್ಲ. ಅಲ್ಲಿವರೆಗೂ ಎಷ್ಟು ಚೆನ್ನಾಗಿ ನಡೆಸಿದಳು! ಆದ್ರೆ ನಾಳೆ ಒಬ್ಬ ಸತ್ತರೂ ಅವನ ಹೆಂಡತಿಗೆ ಹೀಗೇ ಏನಾದ್ರೂ ಸಿಹಿಯಾಗಿ ಕಟ್ಟಿ ಹೇಳ್ತಾಳೆ. ಆಕೆ ಅದನ್ನ ಜನ್ಮಪೂರ್ತಿ ಎದೆಗೆ ಕಟ್ಕೊಂಡಿರ್ತಾಳೆ. ಒಂದಿನ ಅದು ಸುಳ್ಳು ಅಂತ ಗೊತ್ತಾದ್ರೆ? ಆಕೆಗೆ ಉಳಿಯೋದೇನು?"

ಮಧ್ಯಾಹ್ನದಿಂದ ಆ ವಾಕ್ಯವನ್ನು ಅವಳು ಎದೆಗೆ ಕಟ್ಟಿಕೊಂಡೇ ಇದ್ದಳು, ಸುಳ್ಳೆಂದು ಗೊತ್ತಿದ್ದೂ. ಈ ಮನುಷ್ಯ ಹೇಳುವುದು ಸರಿಯಾಗಿಯೇ ಇತ್ತು. ಹೌದು ಎಂದು ಒಮ್ಮೆ ತಲೆಯಾಡಿಸಿದರೆ ಸಾಕು. ಸುಳ್ಳೂ ಅಲ್ಲ. ಮುಂದಿನ ಪರೀಕ್ಷೆಗೆ ಅದೇ ಕೋಣೆ, ಅದೇ ಕುರ್ಚಿ, ಗೋಡೆಯ ಆಚೆ ಅವನು. ಹುಡುಗಿಗೆ ಅರ್ಧ ವರ್ಷ ಹೋಗುತ್ತದೆ. ಎಳೆಯ ವಯಸ್ಸು, ಹೋದರೆ ಮತ್ತೆ ಬಂದೀತು. ತನ್ನದು ಹೋದರೆ? ಆ ಕೋಣೆ ಬಿಟ್ಟರೆ ಅವನು ಇನ್ನೆಲ್ಲೂ ಇಲ್ಲ.

"ಏನಮ್ಮ?" ಎಂದಳು ಡಾಕ್ಟರಮ್ಮ.

"ಅವಳು ಸುಳ್ಳು ಹೇಳಿದ್ದು ಹೌದು," ಎಂದಳು. "ಕೇಳಿದ್ದು ನಾನು. ನನ್ನ ವಿಷಯ ಏನಂದ್ರು ಅಂತ ಕೇಳೋದು ಹಾಳೆಯಲ್ಲಿ ಇಲ್ಲ."

ಶಸ್ತ್ರಚಿಕಿತ್ಸಕರ ಪೆನ್ನು ನಿಂತಿತು. "ಪಾರ್ಟಿನವರಿಗೆ ಅಷ್ಟು ಸ್ವಾತಂತ್ರ್ಯ ಇರುತ್ತೆ ಅಂದ್ಕೊಂಡೆ ನಾನು."

"ಇಲ್ಲ ಸಾರ್," ಎಂದಳು ಡಾಕ್ಟರಮ್ಮ. ಅವಳ ಕಣ್ಣು ಇವಳ ಮೇಲೆಯೇ ಇತ್ತು. "ಬೇರೆ ಯಾರಿಗೂ ಕೇಳದೇ ಇರೋ ಪ್ರಶ್ನೆಯಲ್ಲಿ ಒಬ್ಬಳನ್ನ ಫೇಲ್ ಮಾಡೋಕಾಗಲ್ಲ. ಈ ಕೋಣೆಯ ಮಟ್ಟಿಗೆ ಅವಳ ಪರೀಕ್ಷೆ ರದ್ದು. ಇನ್ನೊಮ್ಮೆ ಪರೀಕ್ಷೆಗೆ ಕೂರಲಿ." ಆಮೇಲೆ, ದನಿ ತಗ್ಗಿಸಿ, "ನೀವು ಹೀಗೆ ಮಾಡೋರಲ್ಲ ಅಮ್ಮ. ನಿಮ್ಮನ್ನ ನೋಡಿ ಬೇರೆಯವರಿಗೆ ತರಬೇತಿ ಕೊಡ್ತೀನಿ ನಾನು."

"ಗೊತ್ತು."

"ಏನಾಯ್ತು?"

"ಅವರು ಅಲ್ಲಿದ್ದಾರೆ ಅನ್ನಿಸ್ತು," ಎಂದಳು ಅವಳು.

ಡಾಕ್ಟರಮ್ಮ ಬಿಸ್ಕತ್ತಿನ ತಟ್ಟೆಯನ್ನು ಇವಳತ್ತ ಸರಿಸಿದಳು. ಅವಳು ಕೆಟ್ಟವಳಲ್ಲ, ಆದರೆ ನಿಯಮ ಮಾಡಿದವಳೂ ಅವಳೇ. "ಆ ಪಾರ್ಟು ಇನ್ನು ಬೇಡ ಅಮ್ಮ," ಎಂದಳು ಕೊನೆಗೆ. "ಬೇರೆ ಯಾವುದಾದ್ರೂ ಕೊಡ್ತೀನಿ. ಬರಬೇಕು ನೀವು, ಆಯ್ತಾ?"

ಕೆಳಗೆ ಮೆಟ್ಟಿಲ ಬಳಿ ಹುಡುಗಿ ನಿಂತಿದ್ದಳು, ಕೋಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು. ಸುದ್ದಿ ಅವಳಿಗೆ ಆಗಲೇ ತಲುಪಿತ್ತು. "ಅಮ್ಮ, ನನ್ನಿಂದ ನಿಮ್ಮ ಪಾರ್ಟು ಹೋಯ್ತಂತೆ."

"ನಿನ್ನಿಂದ ಅಲ್ಲ. ನನ್ನ ಬಾಯಿಂದ."

"ನೀವು ಕೇಳಿದ್ದು ಪರೀಕ್ಷೆ ಥರ ಇರ್ಲಿಲ್ಲ. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ." ಹುಡುಗಿ ಮೂಗೊರೆಸಿಕೊಂಡಳು. "ನಮ್ಮಜ್ಜಿಗೂ ಸೆಖೆ ಆಗಲ್ಲ. ಅದನ್ನೇ ಹೇಳಿಬಿಟ್ಟೆ. ನಾನು ಮಾಡಿದ್ದು ತಪ್ಪಾ?"

ತಪ್ಪಲ್ಲ ಎನ್ನಲು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಒಂದು ಕ್ಷಣ ಆ ಮಾತು ಬಾಯಿಯವರೆಗೂ ಬಂತು. ಹುಡುಗಿಯ ಅಜ್ಜಿ. ಹಾಗಾದರೆ ಅಷ್ಟೂ ಆ ಅಜ್ಜಿಯದು, ಅವನದು ಒಂದಕ್ಷರವೂ ಇಲ್ಲ.

"ತಪ್ಪೇ ಕಣಮ್ಮ," ಎಂದಳು.

"ಮತ್ತೆ ಏನನ್ಬೇಕಿತ್ತು?"

"ಗೊತ್ತಿಲ್ಲ ಅನ್ಬೇಕಿತ್ತು. ಆಮೇಲೆ ಎದ್ದು ಅವರ ಹತ್ರ ಹೋಗ್ಬೇಕಿತ್ತು. ನಿಮ್ಮ ಹೆಂಡತಿ ಹೊರಗೆ ಕೂತಿದ್ದಾರೆ, ಹೀಗೆ ಕೇಳ್ತಿದ್ದಾರೆ, ಏನು ಹೇಳ್ಲಿ ಅಂತ ಅವರನ್ನೇ ಕೇಳ್ಬೇಕಿತ್ತು." ಅವಳ ದನಿ ಮತ್ತೆ ಆ ಅಡಿಗೆಮನೆಯ ದನಿಯಾಗಿತ್ತು. "ಒಂದು ಸಲ ಕೇಳಿದ್ರೆ ಹೇಳ್ತಿದ್ರೇನೋ. ಯಾರೂ ಹೋಗಿ ಕೇಳಲಿಲ್ಲ."

ಹುಡುಗಿ ಅವಳ ಕೈ ಹಿಡಿಯಲು ಮುಂದಾದಳು, ಹಿಡಿಯಬಹುದೋ ಇಲ್ಲವೋ ತಿಳಿಯದೆ ನಿಂತಳು. ಅವಳೇ ಹುಡುಗಿಯ ಕೈ ತೆಗೆದುಕೊಂಡು ಒಮ್ಮೆ ಅದುಮಿ ಬಿಟ್ಟಳು. "ಸರಿಯಾಗಿ ಓದ್ಕೊ. ಆ ಕೋಟು ಯಾರದೋ ಅವರಿಗೆ ಕೊಟ್ಟು ನಿನ್ನ ಅಳತೇದು ಒಂದು ತಗೊ. ಹಾವು ಬಿಟ್ಟ ಪೊರೆ ಥರ ಇದೆ."

ಮುಂದಿನ ಪರೀಕ್ಷೆಗೆ ಅವಳಿಗೆ ಹಜಾರದ ಇನ್ನೊಂದು ತುದಿಯ ಕೋಣೆ ಸಿಕ್ಕಿತು. ತಲೆಸುತ್ತಿನ ಪಾರ್ಟು. ತಂಗಿಗೆ ಹೇಳಿದಾಗ ಅವಳು ಚಪ್ಪಾಳೆ ತಟ್ಟಿದಳು, ಆಮೇಲೆ ಅಕ್ಕನ ಮುಖ ನೋಡಿ ಕೈ ಇಳಿಸಿದಳು. ಮಂಡಿ ಮಾಸ್ತರು ಚಹಾದ ಲೋಟ ಹಿಡಿದು ಪಕ್ಕದಲ್ಲಿ ಬಂದು ಕೂತರು. ಅವರಿಗೂ ಯಾರೋ ಎಲ್ಲ ಹೇಳಿದ್ದರು. ಅವರು ತಮಾಷೆ ಮಾಡಲಿಲ್ಲ, ಅದೇ ಅವಳಿಗೆ ಕಷ್ಟವೆನಿಸಿತು.

"ಏನಾದ್ರೂ ಅನ್ನಿ ಮಾಸ್ತರೇ," ಎಂದಳು.

"ಏನನ್ಲಿ? ತಲೆಸುತ್ತು ಅಂತೀರಿ, ಕೂತಿರೋದು ಕಂಬದ ಹಾಗೆ. ಸ್ವಲ್ಪ ಓಲಾಡಿ," ಎಂದರು ಅವರು ಕಷ್ಟಪಟ್ಟು.

ಹೊಸ ಹಾಳೆಯನ್ನು ಅವಳು ಮನೆಯಲ್ಲೇ ಬಾಯಿಪಾಠ ಮಾಡಿದ್ದಳು. ಬೆಳಗ್ಗೆ ಎದ್ದಾಗ ಕಣ್ಣು ಕತ್ತಲಿಡುತ್ತದೆ. ಊಟ ಸೇರುವುದಿಲ್ಲ. ಕೊನೆಯಲ್ಲಿ, ಕೇಳಿದರೆ ಮಾತ್ರ ಹೇಳಬೇಕಾದ ಸಾಲು: ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಇರುವುದು. ವಿದ್ಯಾರ್ಥಿ ಅದನ್ನು ಕೇಳುತ್ತಾನೋ, ಕೇಳಿದ ಮೇಲೆ ಒಂದು ಗಳಿಗೆ ನಿಲ್ಲುತ್ತಾನೋ ಎಂಬುದಕ್ಕೆ ಅಂಕ.

ಈ ಕೋಣೆಗೆ ಕಿಟಕಿ ಇತ್ತು, ಹೊರಗೆ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತಿತ್ತು. ಗಂಟೆ ಬಾರಿಸಿತು. ಒಳಗೆ ಬಂದ ಹುಡುಗ ರಕ್ತದೊತ್ತಡದ ಪಟ್ಟಿಯನ್ನು ಅವಳ ತೋಳಿಗೆ ತಲೆಕೆಳಗಾಗಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಊಟ ಕೇಳಿದ, ನಿದ್ದೆ ಕೇಳಿದ. ಇನ್ನೇನು ಕೇಳಬೇಕೆಂದು ಚಾವಣಿ ನೋಡಿದ. ಅವಳು ಕಾದಳು. ಕೇಳದಿದ್ದರೆ ಹೇಳಬೇಕಾಗಿಲ್ಲ.

"ಮನೇಲಿ ಯಾರ್ಯಾರು ಇದ್ದೀರಿ ಅಮ್ಮ?" ಎಂದ, ಪಟ್ಟಿಗೆ ಗಾಳಿ ತುಂಬುತ್ತ.

ಈ ಕಟ್ಟಡದೊಳಗೆ ಅವಳು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಗಾಡಿ ಬರುವ ಸುದ್ದಿಯನ್ನೂ ರದ್ದಾದ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳಿ ಪಳಗಿದ್ದ ಗಂಟಲನ್ನು ಒಮ್ಮೆ ಸರಿಮಾಡಿಕೊಂಡಳು.

"ಯಜಮಾನ್ರು ತೀರಿಕೊಂಡ್ರು," ಎಂದಳು. "ನಾನೊಬ್ಬಳೇ."

ಹುಡುಗ ಗಾಳಿ ತುಂಬುವುದನ್ನು ನಿಲ್ಲಿಸಿದ. ಅವಳ ಮುಖವನ್ನೇ ನೋಡುತ್ತ ಕೂತ. ತೋಳಿನ ಪಟ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಅವಳು ಅದನ್ನು ಸಡಿಲಿಸು ಎಂದು ಅವನಿಗೆ ಹೇಳಲಿಲ್ಲ.